ಕ್ಯಾಮೆರಾಗಳ ಆಯುಧಪೂಜೆ

ನನ್ನ ಪಿಎಚ್‌ಡಿ ಜಿಂಕೆಗಳ ಮೇಲೆ. ಭದ್ರಾವತಿಯ ಆಚೆಗಿನ ಕಾಡಿನಲ್ಲಿ ಒಂದು ಚದರ ಕಿಲೋಮೀಟರಿಗೆ ಎಷ್ಟು ಜಿಂಕೆಗಳಿವೆ ಎಂದು ಅಂದಾಜು ಮಾಡಬೇಕಿತ್ತು. ನಕ್ಷೆಯ ಮೇಲೆ ಚೀಟಿ ಎತ್ತಿದ ಹಾಗೆ ಜಾಗ ಆರಿಸಿ, ಅಲ್ಲಿನ ಮರಕ್ಕೆ ಕ್ಯಾಮೆರಾ ಕಟ್ಟಿ ಬರುವುದು. ಎದುರಿಗೆ ಏನೇ ಹಾದರೂ ಅದು ತಾನೇ ಫೋಟೊ ತೆಗೆಯುತ್ತದೆ. ಷರತ್ತು ಒಂದೇ, ಪ್ರಾಣಿಯನ್ನು ಕರೆಯುವಂಥದ್ದೇನೂ ಅಲ್ಲಿರಬಾರದು. ಇದ್ದರೆ ಲೆಕ್ಕ ಕೆಟ್ಟಿತು. ಇಷ್ಟನ್ನು ನನಗೆ ಕಲಿಸಿದವರು ಶಿವಮೊಗ್ಗದ ಪ್ರೊಫೆಸರು, ನನ್ನ ಗೈಡ್.

ಆ ಮಹಾನುಭಾವರೇ ಆಯುಧಪೂಜೆಯ ದಿನ ಜೀಪಿನ ತುಂಬ ಬಾಳೆಕಂದು, ಚೆಂಡುಹೂವಿನ ಹಾರ, ಬೂದುಗುಂಬಳ ಹೇರಿಕೊಂಡು ಕಾಡಿಗೆ ಬಂದರು.

“ಸರ್, ಇದನ್ನೆಲ್ಲ ಜಿಂಕೆ ತಿನ್ನುತ್ತೆ,” ಎಂದೆ.

“ದುಡಿಯೋ ಮಿಷಿನ್‌ಗೆ ವರ್ಷಕ್ಕೊಂದು ಪೂಜೆ ಬೇಡ್ವೇನೆ ಮಾರಾಯ್ತಿ? ಹಬ್ಬ ಅಂತ ಜಿಂಕೆಗೇನು ಗೊತ್ತಾಗುತ್ತೆ?”

ಜಿಂಕೆಗಳಿಗೆ ಚೆನ್ನಾಗಿಯೇ ಗೊತ್ತಾಯಿತು. ಫೋಟೊ ನೋಡಿ ತಲೆ ಚಚ್ಚಿಕೊಂಡೆ. ಹಿಂಡುಹಿಂಡಾಗಿ ಬಂದು ಬಾಳೆಕಂದು ಮುಗಿಸಿ, ಹಾರ ಎಳೆದು, ಒಡೆದ ಕುಂಬಳದ ಸುತ್ತ ಮದುವೆಮನೆಯ ಎರಡನೇ ಪಂಕ್ತಿಯವರ ಹಾಗೆ ಕಾದು ನಿಂತಿದ್ದವು. ಆ ವಾರದ ಫೋಟೊ ಬಿಟ್ಟುಬಿಡೋಣ ಎಂದು ಕೇಳಿಕೊಂಡರೆ ಗೈಡ್ ಒಪ್ಪಲಿಲ್ಲ. ಜಿಂಕೆ ಹೆಚ್ಚಿವೆ ಎಂದು ಸಾರಿ ಅವರು ಆಗಲೇ ಸಭೆಗಳಲ್ಲಿ ಶಾಲು ಹೊದಿಸಿಕೊಂಡಾಗಿತ್ತು. ಅವರ ಸಹಿ ಇಲ್ಲದೆ ನನಗೆ ಡಿಗ್ರಿ ಇಲ್ಲ.

ಕೊನೆಗೆ ಪ್ರಬಂಧ ಸಮಿತಿಯ ಮುಂದೆ ಬಂತು. ಹೊರಗಿನಿಂದ ಬಂದಿದ್ದ ಪರೀಕ್ಷಕಿ ಪರದೆಯ ಮೇಲೆ ಒಂದು ಫೋಟೊ ನಿಲ್ಲಿಸಿದರು. ಜಿಂಕೆಯ ಕೊಂಬಿನಲ್ಲಿ ಚೆಂಡುಹೂವಿನ ಹಾರ.

“ಈ ಪೂಜೆ ಯಾರದ್ದು? ಇಂಥ ಲೆಕ್ಕ ತಂದವರಿಗೆ ಡಿಗ್ರಿ ಕೊಡೋಕಾಗುತ್ತಾ?”

ಗೈಡ್ ಕನ್ನಡಕ ಒರೆಸಿಕೊಂಡರು. “ಇವಳು ಕಾಗದನಗರದ ಪೇಪರ್ ಮಿಲ್ ಕ್ವಾರ್ಟರ್ಸ್‌ನಲ್ಲಿ ಬೆಳೆದವಳು ಮೇಡಂ. ಫ್ಯಾಕ್ಟರಿ ಜನ, ಮಿಷಿನ್ ಕಂಡ್ರೆ ಕುಂಕುಮ ಹಚ್ತಾರೆ. ನಾನೆಷ್ಟು ಬೇಡ ಅಂದ್ರೂ ಕೇಳ್ಲಿಲ್ಲ.”

ನನ್ನ ತಲೆ ಮೇಲೆ ಗೂಬೆ ಕೂರಿಸಿಯಾಯಿತು. ಉಣುಗು ಕಚ್ಚಿಸಿಕೊಂಡು ಕಾಡು ಅಲೆದದ್ದೆಲ್ಲ ನೀರುಪಾಲು, ಮೇಲೆ ನನ್ನ ಅಪ್ಪ ಅಮ್ಮನಿಗೂ ಒಂದು ಮಾತು. ಮೈಯೆಲ್ಲ ಉರಿಯಿತು.

“ಮೇಡಂ, ಈ ಕ್ಯಾಮೆರಾ ಬರೀ ಜಿಂಕೆ ಫೋಟೊ ತೆಗೆಯಲ್ಲ,” ಎಂದು ಹಬ್ಬದ ಬೆಳಗಿನ ಚಿತ್ರಗಳನ್ನು ತೆರೆದೆ.

ಪರದೆಯ ತುಂಬ ನನ್ನ ಗೈಡ್. ರೇಷ್ಮೆ ಪಂಚೆ, ಮುಚ್ಚಿದ ಕಣ್ಣು, ಕೈಯಲ್ಲಿ ಆರತಿ ತಟ್ಟೆ. ಮುಂದಿನದರಲ್ಲೂ ಅವರೇ, ಅದರ ಮುಂದಿನದರಲ್ಲೂ ಅವರೇ, ಕ್ಯಾಮೆರಾಕ್ಕೆ ಕೈ ಮುಗಿಯುತ್ತ.

ಆ ವಾರ ಬಿಟ್ಟು ಮತ್ತೆ ಲೆಕ್ಕ ಹಾಕಿ ತನ್ನಿ ಎಂದರು ಪರೀಕ್ಷಕಿ. ಅದನ್ನು ನಾನು ಮೊದಲೇ ಮಾಡಿಟ್ಟುಕೊಂಡಿದ್ದೆ. ಗೈಡ್ ಮುಂದೆ ಇಟ್ಟು ಪೆನ್ನನ್ನೂ ಕೊಟ್ಟೆ. ಅವರು ತಲೆ ಎತ್ತದೆ ಸಹಿ ಹಾಕಿದರು.