ಒದ್ದೆ ನೆಲದ ಮೇಲೆ ಕಂಡ ರೋಗ

ಹೆಂಡತಿಯನ್ನು ಹೊಗಳುವ ಗಂಡನನ್ನು ಜನ ಒಂಥರಾ ನೋಡುತ್ತಾರೆ. ನೋಡಲಿ ಬಿಡಿ, ನನಗೇನಂತೆ! ನಾನು ದರ್ಜಿ. ನನ್ನ ಅಂಗಡಿಯ ಎದುರಿಗೇ ಪ್ರಾಣಿಗಳ ಆಸ್ಪತ್ರೆ. ಅಲ್ಲಿ ಹತ್ತೊಂಬತ್ತು ವರ್ಷದಿಂದ ನೆಲ ಒರೆಸುತ್ತಿರುವವಳು ನನ್ನ ಹೆಂಡತಿ.

"ಒರೆಸೋದಷ್ಟೇ ತಾನೆ" ಅಂದವರ ಜೊತೆ ಜಗಳ ಆಡಿದ್ದೇನೆ. ಒರೆಸಿದ ನೆಲ ಆರುವ ಮುಂಚೆ ನಾಯಿಮರಿ ಅದರ ಮೇಲೆ ನಡೆದರೆ ಇವಳು ಬೈಯುವುದಿಲ್ಲ, ನಿಂತು ಹೆಜ್ಜೆ ನೋಡುತ್ತಾಳೆ. ಚೆನ್ನಾಗಿ ಬೆಳೆಯುತ್ತಿರುವ ಮರಿಯಾದರೆ ಬೆರಳುಗಳು ಅಚ್ಚುಕಟ್ಟಾಗಿ ಮೂಡುತ್ತವೆ. ಮೂಳೆ ಮೆತ್ತಗಾದ ಮರಿಯ ಮುಂಗಾಲು ಮೈಭಾರ ತಡೆಯದೆ ಮಣಿಕಟ್ಟಿನವರೆಗೂ ಕುಸಿಯುತ್ತದೆ; ಉದ್ದಕ್ಕೆ ಎಳೆದ ಹಾಗೆ ಗುರುತು ಬೀಳುತ್ತದೆ. ಇದನ್ನು ಯಾರೂ ಇವಳಿಗೆ ಕಲಿಸಲಿಲ್ಲ. ಹಳೇ ಡಾಕ್ಟರು ಯಾವ ಮರಿಗೆ ಏನು ರೋಗ ಅಂದರು ಅನ್ನೋದನ್ನು ಕಿವಿಗೆ ಹಾಕಿಕೊಂಡು, ಹೆಜ್ಜೆಯ ಜೊತೆ ತಾಳೆ ಹಾಕಿ ಹಾಕಿ ಕಲಿತದ್ದು.

ಹೋದ ವರ್ಷ ಒಂದು ಬೆಳಿಗ್ಗೆ ಇವಳು ಮರೆತು ಹೋಗಿದ್ದ ಊಟದ ಡಬ್ಬಿ ಕೊಡಲು ಹೋಗಿದ್ದೆ. ಪಕ್ಕದ ಬೀದಿಯ ಮಾಂಸದಂಗಡಿಯವನು ಬಂದ. ಆಳು ಬಾಗಿಲಷ್ಟು ಅಗಲ. ಎದೆಗವಚಿಕೊಂಡ ಟವೆಲ್ಲಿನಲ್ಲಿ ನಾಲ್ಕು ತಿಂಗಳ ನಾಯಿಮರಿ, ಮುಂಗಾಲುಗಳು ಬಿಲ್ಲಿನ ಹಾಗೆ ಬಾಗಿವೆ.

"ಹುಟ್ಟಾ ಕುಂಟು ಅಂತಾರೆ ಎಲ್ಲರೂ. ಮುಟ್ಟಿದರೆ ಚೀರುತ್ತೆ. ನನ್ನ ಕೈಲಿ ನೋಡೋಕಾಗಲ್ಲ. ಒಂದು ಸೂಜಿ ಕೊಟ್ಟು ಶಾಶ್ವತವಾಗಿ ಮಲಗಿಸಿಬಿಡಿ."

ಡಾಕ್ಟರಮ್ಮ ಒಳಗೆ ಬೆಕ್ಕೊಂದಕ್ಕೆ ಹೊಲಿಗೆ ಹಾಕುತ್ತಿದ್ದರು. ಅವನು ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿ, ಕಣ್ಣೊರೆಸಿಕೊಳ್ಳಲು ಮರಿಯನ್ನು ಕೆಳಗಿಳಿಸಿದ. ಆಗಷ್ಟೇ ಒರೆಸಿದ ಒದ್ದೆ ನೆಲದ ಮೇಲೆ ಅದು ನಾಲ್ಕು ಹೆಜ್ಜೆ ಇಟ್ಟು ಮುಗ್ಗರಿಸಿತು. ಇವಳು ಬಗ್ಗಿ ಹೆಜ್ಜೆ ಗುರುತು ನೋಡಿದಳು.

"ಅಣ್ಣಾ, ಇದಕ್ಕೆ ತಿನ್ನೋಕೆ ಏನು ಹಾಕ್ತೀರಿ?"

"ಅಂಗಡಿಯ ಮೊದಲನೇ ತುಂಡು ಇದಕ್ಕೇ! ಗಂಟಲಿಗೆ ಸಿಕ್ಕಬಾರದು ಅಂತ ಮೂಳೆಯೆಲ್ಲ ಬಿಡಿಸಿ, ಬರೀ ಎಳೇ ಮಾಂಸ. ಬೇರೆ ಏನನ್ನೂ ಮೂಸೋಕೂ ಬಿಟ್ಟಿಲ್ಲ."

"ಅದೇ ಆಗಿರೋದು. ಬರೀ ಮಾಂಸದಲ್ಲಿ ಸುಣ್ಣದ ಅಂಶ ಸಾಲಲ್ಲ. ಹುಟ್ಟಾ ಕುಂಟಲ್ಲ ಇದು. ವಾಸಿಯಾಗುತ್ತೆ."

ಅವನ ಮುಖ ಕೆಂಪಾಯಿತು. "ನೆಲ ಒರೆಸೋಳು ನನಗೆ ಮಾಂಸದ ಪಾಠ ಹೇಳ್ತೀಯಾ?"

ನನಗೆ ಪಿತ್ತ ನೆತ್ತಿಗೇರಿತು. ಡಬ್ಬಿ ಎತ್ತಿದೆ, ಹೊಡೆಯೋಕೋ ಏನೋ ಈಗಲೂ ಗೊತ್ತಿಲ್ಲ. "ನೀವು ಸುಮ್ನಿರ್ರೀ" ಅಂದವಳೇ ಇವಳು ಮರಿಯನ್ನೆತ್ತಿಕೊಂಡು ಸೀದಾ ಒಳಗೆ ಹೋದಳು.

"ಡಾಕ್ಟರಮ್ಮಾ, ಸೂಜಿಗೆ ಮುಂಚೆ ಒಂದು ಎಕ್ಸ್‌ರೇ ತೆಗೀರಿ. ನಾನು ಹೇಳಿದ್ದು ತಪ್ಪಾದ್ರೆ ನಾಳೆಯಿಂದ ಕೆಲಸಕ್ಕೆ ಬರಲ್ಲ."

ನಾನು ಎತ್ತಿದ ಡಬ್ಬಿ ಕೆಳಗಿಟ್ಟೆ. ನಮ್ಮ ಮನೆಯ ಒಲೆ ಉರಿಯುವುದು ಅರ್ಧ ಅವಳ ಸಂಬಳದಿಂದ ಕಣ್ರೀ!

ಎಕ್ಸ್‌ರೇಯಲ್ಲಿ ಮಣಿಕಟ್ಟಿನ ಹತ್ತಿರ ಮೂಳೆಯ ತುದಿ ಅಗಲವಾಗಿ, ಅಂಚು ನೂಲು ಬಿಟ್ಟ ಬಟ್ಟೆಯ ಹಾಗಿತ್ತು. "ರಿಕೆಟ್ಸ್, ಮೂಳೆ ಮೆತ್ತಗಾಗೋ ರೋಗ. ಅಕ್ಕ ಹೇಳಿದ್ದೇ ಸರಿ" ಅಂದರು ಡಾಕ್ಟರಮ್ಮ. ಮರಿಗಳಿಗೆಂದೇ ಬರುವ ಸಮತೂಕದ ಆಹಾರ, ಅಳತೆ ತಪ್ಪದ ಔಷಧಿ, ಜಾರದ ಚಾಪೆ, ಎಗರಾಟ ಬಂದ್. ಬೇಗ ವಾಸಿಯಾಗಲಿ ಅಂತ ಸುಣ್ಣದ ಮಾತ್ರೆ ಹೆಚ್ಚಿಗೆ ಕೊಟ್ಟರೆ ಅದೂ ಕೆಡುಕೇ ಅಂತ ಎಚ್ಚರಿಸಿದರು.

ಅಷ್ಟು ದೊಡ್ಡ ಆಳು ಬೆಂಚಿನ ಮೇಲೆ ಕುಸಿದು ಕೂತ. "ನನ್ನ ಕೈಯಾರೆ ನಾನೇ ಇದರ ಕಾಲು ಮುರಿದೆನಲ್ಲಮ್ಮಾ..."

"ಪ್ರೀತಿಯಿಂದ ಹಾಕಿದ್ದು, ಬಿಡಿ ಅಣ್ಣಾ. ಇನ್ನು ಮೇಲೆ ಪ್ರೀತಿ ಜೊತೆಗೆ ಬೇರೇನಾದ್ರೂ ಹಾಕಿ" ಅಂದಳು ಇವಳು. ಅಳುತ್ತಲೇ ನಕ್ಕುಬಿಟ್ಟ.

ಆಮೇಲೆ ಪ್ರತಿ ವಾರ ತೋರಿಸಲು ಬರುತ್ತಿದ್ದ. ಮೊದಮೊದಲು ಟವೆಲ್ಲಿನಲ್ಲಿ, ಆಮೇಲೆ ಬುಟ್ಟಿಯಲ್ಲಿ. ಎರಡು ತಿಂಗಳು ಕಳೆದ ಮೇಲೆ ಒಂದು ದಿನ ನಾನು ಗಿರಾಕಿಯೊಬ್ಬನ ಅಳತೆ ತೆಗೆಯುತ್ತಿದ್ದೆ. ಎದುರಿಗೆ ಮಾಂಸದಂಗಡಿಯವನು ಬರಿಗೈಲಿ ನಿಂತಿದ್ದ. ಮರಿ ಅವನ ಮುಂದೆ ಆಸ್ಪತ್ರೆಯ ಮೂರು ಮೆಟ್ಟಿಲನ್ನು ಒಂದೊಂದಾಗಿ ತಾನೇ ಹತ್ತುತ್ತಿತ್ತು. ಬಲಗಾಲಿನಲ್ಲಿ ಚೂರು ಬಾಗು ಉಳಿದಿತ್ತು, ಅಷ್ಟೇ. ಬಾಗಿಲಲ್ಲಿ ಇವಳು ಕೂತು ಕೈ ಚಾಚಿದ್ದಳು. ಮರಿ ಮೂರನೆಯ ಮೆಟ್ಟಿಲು ಹತ್ತಿ ಸೀದಾ ಅವಳ ಮಡಿಲಿಗೇ ನುಗ್ಗಿತು.

ಗಿರಾಕಿ ಏನೂ ಕೇಳಿರಲಿಲ್ಲ. ಆದರೂ ಅವನ ಹೆಗಲು ತಟ್ಟಿ ಹೇಳಿದೆ: "ಅಲ್ಲಿ ಕೂತಿದಾಳಲ್ಲ, ಅವಳು ನನ್ನ ಹೆಂಡತಿ ಕಣ್ರೀ!"