ಮೂರು ಶಿಫ್ಟಿನ ಕೆಂಚ

ನಾನು ಪಶುವೈದ್ಯ. ಮರಳೂರಿನ ಒಬ್ಬಾತ ತನ್ನ ನಾಯಿ ಕೆಂಚನನ್ನು ಎತ್ತಿಕೊಂಡು ಬಂದ. "ಕೂತಲ್ಲೇ ತೂಕಡಿಸ್ತಾನೆ ಸಾರ್, ಸುಮ್ಸುಮ್ನೆ ಗುರ್ ಅಂತಾನೆ" ಅಂದ.

ಪರೀಕ್ಷೆ ಮಾಡಿದರೆ ಕಾಯಿಲೆ ಏನೂ ಇಲ್ಲ. ವಿಚಾರಿಸಿದೆ. ಅವನು, ಹೆಂಡತಿ, ತಮ್ಮ, ಮೂವರಿಗೂ ಹಿರೇಹಳ್ಳಿ ಫ್ಯಾಕ್ಟರಿಯಲ್ಲಿ ಬೇರೆ ಬೇರೆ ಶಿಫ್ಟ್. ಯಾರ ಬೈಕ್ ಸದ್ದಾದರೂ ಕೆಂಚ ಎದ್ದು ಗೇಟಿಗೆ ಓಡುತ್ತಾನಂತೆ.

"ನಾಯಿಗೆ ದಿನಕ್ಕೆ ಹನ್ನೆರಡು ಗಂಟೆಯಾದ್ರೂ ನಿದ್ದೆ ಬೇಕು ಕಣಯ್ಯಾ. ನಿಮ್ಮ ಮೂರು ಶಿಫ್ಟನ್ನೂ ಇವನೊಬ್ಬನೇ ಮಾಡ್ತಿದಾನೆ" ಅಂದೆ. ಆತ ಕೆಂಚನ ತಲೆ ಸವರಿದ.

ವಾರದ ಮೇಲೆ ಮರಳೂರಿನಲ್ಲಿ ಸ್ಕೂಟರಲ್ಲಿ ಹೋಗುತ್ತಿದ್ದೆ. ಉರಿಬಿಸಿಲಲ್ಲಿ ಆತ ಬೈಕ್ ತಳ್ಳಿಕೊಂಡು ಬರುತ್ತಿದ್ದ.

"ಏನಯ್ಯಾ, ಪೆಟ್ರೋಲ್ ಖಾಲಿನಾ?"

"ಮೆಲ್ಲಗೆ ಸಾರ್. ಕೆಂಚ ಮಲಗವ್ನೆ."

ಹೇಳಿದವನು ನಾನೇ ತಾನೆ? ಆ ಬೀದಿ ದಾಟುವವರೆಗೂ ನನ್ನ ಸ್ಕೂಟರನ್ನೂ ತಳ್ಳಿಕೊಂಡೇ ಹೋದೆ.