ನೀಲಿ ಕಾಗದದ ಸೋರೆಬೀಜ

ನಮ್ಮ ಅತ್ತೆಗೆ ಒಂದು ನಿಯಮವಿತ್ತು: ಬೀಜದ ಕುಡಿಕೆಯನ್ನು ಎಂದೂ ಬರಿದು ಮಾಡಬಾರದು. ಎಷ್ಟು ಬಿತ್ತಿದರೂ, ಯಾರು ಕೇಳಿದರೂ, ತಳದಲ್ಲಿ ಒಂದಿಷ್ಟು ಉಳಿಯಬೇಕು. ಬೇಗೂರಿನ ಹೊಲ ಕೈಬಿಟ್ಟ ಮೇಲೆ ಪಾತ್ರೆಪಗಡವನ್ನೆಲ್ಲ ನೆಂಟರಿಗೆ ಹಂಚಿ, ಬೂದಿ ಬೆರೆಸಿದ ಬೀಜದ ಕುಡಿಕೆಗಳನ್ನಷ್ಟೇ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬನಶಂಕರಿಗೆ, ಮಗ ಸೊಸೆಯರಾದ ನಮ್ಮ ಮನೆಗೆ ಬಂದರು.

ಎಪ್ಪತ್ತರ ದಶಕದ ಕೊನೆ. ನಾನು ಜಯನಗರದ ಒಂದು ನಕ್ಷೆ ಆಫೀಸಿನಲ್ಲಿ ನಕ್ಷೆಗಳನ್ನು ನಕಲಿಳಿಸುವ ಟ್ರೇಸರ್ ಆಗಿದ್ದೆ. ನಕ್ಷೆಯ ಪ್ರತಿ ತೆಗೆಯಲು ಅಮೋನಿಯಾ ಯಂತ್ರ ಬಂದ ಮೇಲೆ ಬಿಸಿಲಿನಲ್ಲಿ ಪ್ರಿಂಟ್ ತೆಗೆಯುವ ಹಳೆಯ ಫೆರೋ ಕಾಗದ ಯಾರಿಗೂ ಬೇಡವಾಗಿತ್ತು. ಕೇಳಿ ಒಂದು ಸುರುಳಿ ಮನೆಗೆ ತಂದೆ. ನಮ್ಮ ಹಿತ್ತಲು ಎರಡು ಚಾಪೆ ಅಗಲ. ಅತ್ತೆಯ ಬೀಜಗಳನ್ನೆಲ್ಲ ಬಿತ್ತಲು ಜಾಗವೆಲ್ಲಿ? ಅವುಗಳ ಗುರುತಾದರೂ ಉಳಿಯಲಿ ಎಂಬುದು ನನ್ನ ಹಟ. ಹಲಗೆಯ ಮೇಲೆ ಕಾಗದ, ಅದರ ಮೇಲೆ ಬೀಜ, ಮೇಲೊಂದು ಗಾಜು. ಬಿಸಿಲಿಗಿಟ್ಟು, ಬಣ್ಣ ತಿರುಗಿದ ಮೇಲೆ ಬೀಜ ತೆಗೆದು ಕಾಗದವನ್ನು ನೀರಿಗದ್ದಿದರೆ ಸುತ್ತ ಕಡುನೀಲಿ, ಬೀಜವಿದ್ದಲ್ಲಿ ಮಾತ್ರ ಬಿಳಿ. ಪಡವಲ ಬೀಜದ ಕಚ್ಚು ಅಂಚು ಕೂಡ ಮೂಡಿದ್ದನ್ನು ಕಂಡು ನಾನು ಬೀಗಿದೆ. ಅತ್ತೆ ಕಾಗದವನ್ನು ತಿರುಗಿಸಿ ನೋಡಿದರು.

"ಚೆಂದಾಗೈತೆ. ಆದ್ರೆ ನೆರಳು ಬಿತ್ತಿದ್ರೆ ಬಳ್ಳಿ ಬರ್ತದಾ?"

ನನಗೆ ಸಿಟ್ಟು ಬಂತು.

ಕೊನೆಗೆ ಚಿತ್ರ ತೆಗೆಯಲು ಉಳಿದದ್ದು ಅವರ ತವರಿನ ಉದ್ದ ಸೋರೆ. ಈಗ ತವರಿನಲ್ಲೂ ಅದು ಇರಲಿಲ್ಲ. ಆ ವರ್ಷ ಇಲಿ ಕುಡಿಕೆಗೆ ಬಾಯಿ ಹಾಕಿ ಒಂದು ಹಿಡಿಯಷ್ಟೇ ಬಿಟ್ಟಿತ್ತು. ಭಾನುವಾರ ಅಷ್ಟನ್ನೂ ಕಾಗದದ ಮೇಲೆ ಜೋಡಿಸಿ, ನನ್ನ ಗಂಡನನ್ನು ಕಾವಲಿಗೆ ಕೂರಿಸಿ, ಬಣ್ಣ ತಿರುಗಿದರೆ ನೀರಿಗೆ ಹಾಕಿ ಎಂದು ಹೇಳಿ ಒಗ್ಗರಣೆಗೆ ಹೋದೆ. ಅವರದು ಹೇಳಿದಷ್ಟೇ ಮಾಡುವ ಗುಣ. ಗಾಜನ್ನು ಜೋಪಾನವಾಗಿ ತೆಗೆದಿಟ್ಟು, ಬೀಜ, ಕಾಗದ, ಹಲಗೆ ಎಲ್ಲವನ್ನೂ ತೊಟ್ಟಿಗೆ ಇಳಿಸಿಬಿಟ್ಟರು. ಚಿತ್ರವೇನೋ ಅಚ್ಚುಕಟ್ಟಾಗಿ ಬಂದಿತ್ತು. ಬೀಜಗಳು ತೇಲುತ್ತಿದ್ದವು. ಬಾಯಿಗೆ ಬಂದಂತೆ ಬೈದೆ.

ಅತ್ತೆ ಬೈಯಲಿಲ್ಲ. ಅದಕ್ಕೇ ಭಯವಾಯಿತು. ಒಣಗಿಸೋಣ ಎಂದರೆ ಬೇಡವೆಂದು ತಲೆಯಾಡಿಸಿದರು. ನೀರು ಮುಟ್ಟಿದ ಬೀಜ ಮಣ್ಣು ಮುಟ್ಟಬೇಕು, ಮತ್ತೆ ಕುಡಿಕೆ ಸೇರಬಾರದು. ಅದೂ ಅವರದೇ ನಿಯಮ. ಎಲ್ಲವನ್ನೂ ಬಿತ್ತಿದರೆ ಕುಡಿಕೆ ಬರಿದು. ಒದ್ದೆ ಬೀಜಗಳನ್ನು ಸೆರಗಿನಲ್ಲಿ ಹಿಡಿದು ತೊಟ್ಟಿಯ ಕಟ್ಟೆಯ ಮೇಲೆ ಕೂತ ಅವರನ್ನು ನೋಡಿ ನನಗೆ ಅಳು ಬಂತು.

ಸ್ವಲ್ಪ ಹೊತ್ತಿಗೆ ಎದ್ದರು. "ಒಂದೇ ಹಿತ್ತಲಾಗೆ ಹಾಕಿದ್ರೆ ಎಲ್ಲ ಮೇಯಾಕೆ ಒಂದು ಮೇಕೆ ಸಾಕು. ನಡಿ, ಬೀದಿಗೆಲ್ಲ ಕೊಡಾನ."

ಬೀಜ ಕೊಡಲು ಹತ್ತು ಸಲ ಯೋಚಿಸುತ್ತಿದ್ದವರು ಮನೆಮನೆಗೆ ಹೋದರು. ಮೊದಲ ಕಾಯಿ ಕೊಯ್ಯಬಾರದು, ಬೀಜಕ್ಕೆಂದು ಬಳ್ಳಿಯಲ್ಲೇ ಒಣಗಬೇಕು ಎಂದು ಆಣೆ ಮಾಡಿಸಿ ಕೊಟ್ಟರು. ಹಿಂದಿನ ರಸ್ತೆಯ ಬಾಡಿಗೆ ಮನೆಯಾಕೆಗೆ ಹಿತ್ತಲೇ ಇರಲಿಲ್ಲ, ಎಣ್ಣೆ ಡಬ್ಬಕ್ಕೆ ಮಣ್ಣು ತುಂಬಿ ಹಾಕಿದಳು. ಎದುರು ಮನೆಯವರು ಆಣೆ ಮರೆತು ಮೊದಲ ಕಾಯಿಯನ್ನೇ ಹುಳಿ ಮಾಡಿ, ಒಂದು ಬಟ್ಟಲು ನಮಗೂ ಕಳಿಸಿದರು. ಅತ್ತೆ ಅದನ್ನು ಮುಟ್ಟಲಿಲ್ಲ. ನಮ್ಮ ಬಳ್ಳಿಗಂತೂ ಹುಳ ಬಿತ್ತು.

ಬೇಸಿಗೆಯಲ್ಲಿ ಆ ಬಾಡಿಗೆ ಮನೆಯಾಕೆ ಬಂದು ಒಣಗಿದ ಸೋರೆಯೊಂದನ್ನು ಅತ್ತೆಯ ಕೈಗಿಟ್ಟಳು. ಅಲ್ಲಾಡಿಸಿದರೆ ಗಲಗಲ ಎಂದಿತು.

ಅದನ್ನು ಒಡೆದು ಬೀಜ ತೆಗೆದ ಮೇಲೆ ಅತ್ತೆ ಸೋರೆಬೀಜದ ಚಿತ್ರವಿದ್ದ ನನ್ನ ನೀಲಿ ಕಾಗದ ಕೇಳಿದರು. ನೆಲಕ್ಕೆ ಹರಡಿ, ಬಿಳಿ ಗುರುತುಗಳ ಮೇಲೆ ಒಂದೊಂದೇ ಬೀಜವಿಟ್ಟು, ಬೆರಳಿನಿಂದ ಅಂಚು ಸರಿಸಿ ನೋಡಿದರು. ಸರಿಯಾಗಿ ಕೂತವು. ಗುರುತೆಲ್ಲ ತುಂಬಿದ ಮೇಲೂ ಅಂಗೈಯಲ್ಲಿ ಒಂದಿಷ್ಟು ಉಳಿದಿತ್ತು.

"ಇವು ಕುಡಿಕೆಗೆ," ಎಂದರು.